ದೂರು ಮುಚ್ಚದ ಏಣಿಯಕ್ಕ

ಬೆಳಕು ಇನ್ನೂ ಕಿಟಕಿಯ ಸರಳು ದಾಟಿ ಒಳಗೆ ಬಂದಿಲ್ಲ. ಮೂರನೆಯ ಮಹಡಿಯ ದರ್ಜಿಯ ಕೋಣೆಯಲ್ಲಿ ಏಣಿಯಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೋಡೆಮ್ ನೋಡುತ್ತಿದ್ದಾರೆ. ಬರೀ ನೋಡುತ್ತಿದ್ದಾರೆ. ಉಪಕರಣಗಳ ಚೀಲದ ಜಿಪ್ ಕೂಡ ಎಳೆದಿಲ್ಲ. ಹಾಲು ಉಕ್ಕೀತೆಂದು ಕಾಯುವವರ ಮುಖದಲ್ಲಿರುತ್ತದಲ್ಲ, ಆ ಅನುಮಾನದ ಏಕಾಗ್ರತೆ ಅವರ ಮುಖದಲ್ಲಿದೆ.

ಎದುರಿಗೆ ಹೊಲಿಗೆ ಯಂತ್ರದ ಮೇಲೆ, ನೂಲಿನ ಉಂಡೆಗಳಿಗೆ ಫೋನು ಒರಗಿಸಿಟ್ಟು, ದರ್ಜಿ ತಮ್ಮ ಅಕ್ಕನ ಜೊತೆ ಮಾತಾಡುತ್ತಿದ್ದಾರೆ. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು, ಮಾತೆಲ್ಲ ಕೈಯಲ್ಲೇ. ಅಕ್ಕ ಬೇರೆ ಊರಿನ ಬೇಕರಿಯೊಂದರಲ್ಲಿ ಒಲೆಯ ಮುಂದೆ ದುಡಿಯುವವರು. ಮೊದಲ ತಟ್ಟೆಗಳು ಒಲೆಯೊಳಗೆ ಹೋಗಿ ಹೊರಬರುವವರೆಗಿನ ಬಿಡುವಿನಲ್ಲಷ್ಟೇ ಅವರಿಗೆ ತಮ್ಮನ ಮುಖ ಕಾಣುವ ಭಾಗ್ಯ. ಹಿಟ್ಟು ಮೆತ್ತಿದ ಬೆರಳುಗಳಲ್ಲಿ ಅಕ್ಕ ಯಾರನ್ನೋ ಆಡಿಕೊಳ್ಳುತ್ತಿದ್ದಾರೆ. ಉಬ್ಬಿಸಿದ ಕೆನ್ನೆ ನೋಡಿದರೆ ಬೇಕರಿಯ ಯಜಮಾನನನ್ನೇ ಇರಬೇಕು. ದರ್ಜಿ ಭುಜ ಕುಣಿಸಿ ನಗುತ್ತಿದ್ದಾರೆ. ಕತೆ ಇನ್ನೇನು ತುದಿ ಮುಟ್ಟಬೇಕು, ಅಕ್ಕನ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ. ಮೋಡೆಮ್ ಮೇಲೆ ಕೆಂಪು ದೀಪ.

"ಬಂದ ನೋಡಿ ಮಹಾನುಭಾವ," ಎಂದು ಏಣಿಯಕ್ಕ ಮಂಡಿ ಹಿಡಿದು ಏಳುತ್ತಾರೆ. "ಇವನ ದರ್ಶನಕ್ಕೆ ಅಂತಾನೇ ನಿದ್ದೆ ಕೆಡಿಸ್ಕೊಂಡು ಬಂದಿದ್ದು."

ಮನೆಮನೆಯ ಇಂಟರ್ನೆಟ್ ಕೆಟ್ಟಾಗ ಬರುವ ಜನ ಎಂದರೆ ನಮಗೆ ನೆನಪಾಗುವುದು ಒಂದು ಸಮವಸ್ತ್ರ, ಒಂದು ಚೀಲ, ಮುಖ ನೆನಪಾಗುವುದಿಲ್ಲ. ಏಣಿಯಕ್ಕನನ್ನು ಮಾತ್ರ ಮರೆಯುವುದು ಕಷ್ಟ. ಹೆಗಲ ಮೇಲೆ ಮಡಚುವ ಅಲ್ಯೂಮಿನಿಯಂ ಏಣಿ ಹೊತ್ತು ಓಣಿಯೊಳಗೆ ನುಗ್ಗಿದರೆ ಎದುರು ಬಂದ ಸ್ಕೂಟರ್ ತಾನಾಗಿ ಹಿಂದೆ ಸರಿಯುತ್ತದೆ. ದಿನಕ್ಕೆ ಹತ್ತು ಹನ್ನೆರಡು ಮನೆ. ಬಾಗಿಲು ತೆಗೆದವರಲ್ಲಿ ಅರ್ಧದಷ್ಟು ಜನ ಮೊದಲು ಇಣುಕುವುದು ಇವರ ಬೆನ್ನ ಹಿಂದೆ. "ರಿಪೇರಿಯವರು ಹಿಂದೆ ಬರ್ತಿದ್ದಾರಾ?" ಎಂದು ಕೇಳುತ್ತಾರೆ. "ಹಿಂದೆ ಏಣಿ ಬರ್ತಿದೆ, ಅದಕ್ಕೆ ರಿಪೇರಿ ಬರಲ್ಲ. ನನಗೆ ಬರುತ್ತೆ, ಬಾಗಿಲು ಬಿಡಿ," ಎಂಬುದು ಇವರ ಸಿದ್ಧ ಉತ್ತರ.

ಏಣಿ ಹಿಡಿಯುವ ಮೊದಲು ಅವರು ಇದೇ ಕಂಪನಿಯ ದೂರು ಕೇಂದ್ರದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತಿದ್ದವರು. ಯಾರು ಏನೇ ಹೇಳಲಿ, ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅನ್ನುವುದು ಅಲ್ಲಿನ ಮಂತ್ರ. ಮನೆಯಲ್ಲಿ ಮಗಳು ಹೊಟ್ಟೆನೋವೆಂದು ಅತ್ತಾಗಲೂ ಬಾಯಿಗೆ ಅದೇ ಬರುವ ಹಾಗಾಯಿತಂತೆ. "ಅಳೋ ಮಗು ಬಾಯಿ ಮುಚ್ಚಿದ್ರೆ ಹೊಟ್ಟೆನೋವು ಹೋಗುತ್ತೇನ್ರೀ? ನಾವು ಮಾಡ್ತಿದ್ದಿದ್ದು ಅದೇ. ಒಂದಿನ ಎದ್ದುಹೋಗಿ ಕೇಳ್ದೆ, ನನಗೆ ಕುರ್ಚಿ ಬೇಡ, ಏಣಿ ಕೊಡಿ ಅಂತ. ಮೇಲಿದ್ದೋರು ನಕ್ಕರು. ನಗೋದು ಮುಗೀಲಿ ಅಂತ ನಿಂತ್ಕೊಂಡೆ." ಮನೆಯಲ್ಲಿ ಅತ್ತೆ ಮಾತು ಬಿಟ್ಟರು. ಈಗ ಅದೇ ಅತ್ತೆ ಸೊಸೆ ಬಂದ ತಕ್ಷಣ ಮೊಣಕಾಲಿಗೆ ಎಣ್ಣೆ ಕಾಯಿಸಿಕೊಡುತ್ತಾರೆ, ಬೈಯುತ್ತಲೇ. ಗಂಡ ಬಸ್ಸಿನ ಗ್ಯಾರೇಜಿನಲ್ಲಿ ಫಿಟ್ಟರ್. ಮನೆಯ ಇಂಟರ್ನೆಟ್ ಮಾತ್ರ ವಾರಕ್ಕೊಮ್ಮೆ ಮಲಗುತ್ತದೆ. "ದೀಪದ ಬುಡ ಯಾವಾಗ್ಲೂ ಕತ್ತಲೆ, ನಾವು ದೂರು ಕೊಡೋಣ್ವಾ ಅಮ್ಮಾ?" ಎಂದು ಮಗಳು ಚುಚ್ಚುತ್ತಾಳೆ. ಇವರು ಕೇಳಿಸದವರಂತೆ ಊಟಕ್ಕೆ ಕೂರುತ್ತಾರೆ.

ದರ್ಜಿಯ ಮನೆಯ ದೂರಿಗೆ ಒಂದು ಚರಿತ್ರೆಯೇ ಇದೆ. ನಾಲ್ಕು ಸಲ ದಾಖಲಾಗಿ ನಾಲ್ಕು ಸಲವೂ ಮುಚ್ಚಿದೆ. ರಿಪೇರಿಯವರು ಬರುವುದು ಹೊತ್ತೇರಿದ ಮೇಲೆ. ಆಗ ಹಸಿರು ದೀಪ ಒಳ್ಳೆಯ ಮಗುವಿನ ಹಾಗೆ ಉರಿಯುತ್ತಿರುತ್ತದೆ. 'ದೋಷ ಕಂಡುಬಂದಿಲ್ಲ' ಎಂದು ಗುಂಡಿ ಒತ್ತಿ ಹೋಗುತ್ತಾರೆ. ಆಮೇಲೆ ಗ್ರಾಹಕರಿಗೆ ತೃಪ್ತಿಯಾಯಿತೇ ಎಂದು ವಿಚಾರಿಸಲು ಕಂಪನಿಯಿಂದ ಫೋನು ಬರುತ್ತದೆ. ಫೋನು! ಮೂರು ಸಲ ಉತ್ತರ ಬಾರದಿದ್ದರೆ ಗ್ರಾಹಕ ಸಂತುಷ್ಟ ಎಂದು ಲೆಕ್ಕ. ಮೌನವೇ ಸಮ್ಮತಿ ಎಂಬ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಸಂಸ್ಥೆ ಇನ್ನೊಂದಿರಲಾರದು.

ಐದನೆಯ ದೂರು ಏಣಿಯಕ್ಕನ ಪಾಲಿಗೆ ಬಂತು. ಅವರಿಗೂ ಮೊದಲ ದಿನ ಹಸಿರು ದೀಪವೇ ಕಂಡದ್ದು. ಆದರೆ ಅವರು ಗುಂಡಿ ಒತ್ತಲಿಲ್ಲ. ಕಂಪನಿಯಲ್ಲಿ ಮುಚ್ಚದ ದೂರೆಂದರೆ ಬಿಳಿ ಅಂಗಿಯ ಮೇಲಿನ ಶಾಯಿ ಇದ್ದ ಹಾಗೆ. ಗೋದಾಮಿನ ಗೋಡೆಯ ಪರದೆಯಲ್ಲಿ ಆ ಭಾಗವೇ ಕೆಂಪಾಗುತ್ತದೆ. ಅಲ್ಲಿನ ಮೇಲ್ವಿಚಾರಕರಿಗೆ ಕೆಲಸಗಾರರು ಇಟ್ಟಿರುವ ಹೆಸರು ಗಡಿಯಾರ. ನಿನ್ನೆ ಸಂಜೆ ಎಲ್ಲರೆದುರು ಗಡಿಯಾರ ಬಾರಿಸಿತು: "ನಾಳೆಯೊಳಗೆ ಅದನ್ನ ಮುಚ್ಚಿ. ಇಲ್ಲಾಂದ್ರೆ ಏಣಿ ತಂದು ಇಲ್ಲಿ ಒರಗಿಸಿ ಮನೆಗೆ ಹೋಗಿ."

ಏಣಿ ಕಂಪನಿಯದು. ಒರಗಿಸುವುದೆಂದರೆ ಕೆಲಸ ಹೋಯಿತೆಂದೇ ಅರ್ಥ.

"ಹೆದರಿಕೆ ಆಗ್ಲಿಲ್ವಾ ಅಂದ್ರೆ ಆಯ್ತು," ಎನ್ನುತ್ತಾರೆ ಅವರು, ಗೋಡೆಗುಂಟ ಕೇಬಲ್ ಮೇಲೆ ಬೆರಳಾಡಿಸುತ್ತ. "ಆದ್ರೆ ಇವರ ದೂರು ಸುಳ್ಳಲ್ಲ. ನಮಗೆ ಚಿತ್ರ ನಿಂತ್ರೂ ಹಲೋ ಹಲೋ ಅಂತ ಕೂಗಾಡ್ಬಹುದು. ಇವರಿಗೆ ಚಿತ್ರ ನಿಂತ್ರೆ ಮಾತೇ ನಿಂತ್ಹೋಯ್ತು. ದಿನಾ ಬೆಳಿಗ್ಗೆ ಅಕ್ಕ ತಮ್ಮನ ಬಾಯಿಗೆ ಬಟ್ಟೆ ತುರುಕಿದ ಹಾಗೆ."

ಆ ಮಾತಿನಲ್ಲಿ ತಮಗೇ ತಿಳಿಯದೆ ಕಳ್ಳನ ಸುಳಿವು ಕೊಟ್ಟಿದ್ದರೆಂಬುದು ಇನ್ನೈದು ನಿಮಿಷದಲ್ಲಿ ಗೊತ್ತಾಗಲಿತ್ತು.

ಸುಳಿವು ಇನ್ನೊಂದಿತ್ತು, ಅದನ್ನು ಕೊಟ್ಟವರು ದರ್ಜಿಯೇ. ಗಿರಾಕಿಗಳ ಜೊತೆ ಅವರ ವ್ಯವಹಾರವೆಲ್ಲ ಕಪ್ಪು ಅಸ್ತರ್ ಬಟ್ಟೆಯ ತುಂಡಿನ ಮೇಲೆ, ಗುರುತು ಹಾಕುವ ಸೀಮೆಸುಣ್ಣದಲ್ಲಿ. ಮೊದಲ ದಿನವೇ ಬರೆದು ತೋರಿಸಿದ್ದರು: 'ಬಿಸಿಲು ಜೋರಿದ್ದರೆ ನೆಟ್ ಬೇಗ ಬರುತ್ತದೆ. ಮೋಡವಿದ್ದರೆ ಮಧ್ಯಾಹ್ನ.' ಹಿಂದೆ ಬಂದವರೆಲ್ಲ ಇದನ್ನು ಓದಿ ನಕ್ಕಿದ್ದರು. ಬಿಸಿಲಿಗೆ ಕುದುರುವುದಕ್ಕೆ ಇದೇನು ಹಪ್ಪಳವೇ ಎಂದು ಒಬ್ಬ ಕೇಳಿದ್ದನಂತೆ, ಕೇಳದ ಕಿವಿಯನ್ನು. ಏಣಿಯಕ್ಕ ನಗಲಿಲ್ಲ. "ದಿನಾ ನೋಡೋರು ಅವರು. ನಾವು ಹತ್ತು ನಿಮಿಷ ಬಂದು ಹೋಗೋರು. ಯಾರ ಮಾತು ನಂಬ್ಬೇಕು?"

ಕೇಬಲ್ ಕಿಟಕಿಯಿಂದ ಹೊರಬಿದ್ದು ತಾರಸಿಗೆ ಏರಿದೆ. ಅವರೂ ಏರುತ್ತಾರೆ. ಹಿಂದೆ ದರ್ಜಿ, ಕೊರಳಲ್ಲಿ ಅಳತೆ ಟೇಪಿನ ಸಮೇತ. ತಾರಸಿಯ ಬಾಗಿಲು ತಳ್ಳಿದವರು ಅಲ್ಲೇ ನಿಂತುಬಿಡುತ್ತಾರೆ. ಎರಡು ಕಂಬಗಳ ನಡುವೆ, ಎದೆಮಟ್ಟದಲ್ಲಿ ಎಳೆದ ಕಪ್ಪು ಕೇಬಲಿನ ಮೇಲೆ ಸಾಲಾಗಿ ಒದ್ದೆ ಹೊದಿಕೆಗಳು, ಅಂಗಿಗಳು, ಒಂದು ದಪ್ಪ ಜಮಖಾನ. ಜಮಖಾನದಿಂದ ನೀರು ಧಾರೆಯಾಗಿ ಇಳಿಯುತ್ತಿದೆ. ಪಕ್ಕದಲ್ಲಿ ಬಾಯಿ ತುಂಬ ಕ್ಲಿಪ್ ಕಚ್ಚಿಕೊಂಡು, ತಾರಸಿಮನೆಯ ಅಜ್ಜಿ.

"ಅಜ್ಜೀ, ಇದೇನಿದು?"

ಅಜ್ಜಿ ಕ್ಲಿಪ್ಪುಗಳನ್ನು ಅಂಗೈಗೆ ಉಗುಳುತ್ತಾರೆ. "ಬಟ್ಟೆ ಕಣಮ್ಮ. ಕಣ್ಣು ಕಾಣಲ್ವಾ? ನಲ್ಲೀಲಿ ನೀರು ಬರೋದೇ ಈ ಹೊತ್ತಿಗೆ."

"ಇದು ನೆಟ್ ಕೇಬಲ್ಲು!"

"ಹೌದಾ? ನಾನು ಎಷ್ಟು ಒಳ್ಳೇ ಕಂಪನಿ ಅಂದ್ಕೊಂಡಿದ್ದೆ, ನೆಟ್ಟಿನ ಜೊತೆ ಬಟ್ಟೆ ಹಗ್ಗಾನೂ ಕಟ್ಕೊಟ್ಟು ಹೋದ್ರಲ್ಲ ಅಂತ!"

ಆ ಕೇಬಲಿನ ಹೊಟ್ಟೆಯಲ್ಲಿ ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಂದಿದೆ. ಬೆಳಕು ಅದರೊಳಗೆ ಓಡುತ್ತ ನಮ್ಮ ಮಾತು, ಮುಖ, ಜಗಳಗಳನ್ನೆಲ್ಲ ಹೊತ್ತು ತರುತ್ತದೆ. ಎಳೆ ಹೆಚ್ಚು ಬಾಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ನಸುಕಿನಲ್ಲಿ ಅಜ್ಜಿಯ ಒದ್ದೆ ಬಟ್ಟೆ ಬಿದ್ದಾಗ ಕೇಬಲ್ ಜಗ್ಗಿ, ಕಟ್ಟೆಗೋಡೆಯ ಮೂಲೆಯಲ್ಲಿ ಮುರಿದ ಮೊಣಕೈಯಂತೆ ಮಡಚಿಕೊಳ್ಳುತ್ತದೆ. ಬಿಸಿಲೇರಿ ಬಟ್ಟೆ ಒಣಗಿ ಹಗುರಾದ ಹಾಗೆ ಮತ್ತೆ ಮೇಲೇಳುತ್ತದೆ. ಮೋಡವಿದ್ದರೆ ಮಧ್ಯಾಹ್ನ. ಏಣಿಯಕ್ಕ ಜಮಖಾನದ ತುದಿಯನ್ನು ಮೆಲ್ಲನೆ ಎತ್ತಿ ಹಿಡಿದು ದರ್ಜಿಯತ್ತ ಹುಬ್ಬು ಹಾರಿಸುತ್ತಾರೆ. ದರ್ಜಿ ಕೆಳಗೋಡಿ, ಮೆಟ್ಟಿಲಲ್ಲಿ ಮತ್ತೆ ಪ್ರತ್ಯಕ್ಷರಾಗಿ ಎರಡೂ ಹೆಬ್ಬೆರಳೆತ್ತುತ್ತಾರೆ. ದೀಪ ಹಸಿರು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಗೊಡದವರು ಗಡಿಯಾರ.

"ಸರಿಹೋಯ್ತಲ್ಲ! 'ಗ್ರಾಹಕರ ಕಡೆಯ ತಪ್ಪು' ಅಂತ ಒತ್ತಿ ಮುಚ್ಚಿ," ಎಂದು, ಏಣಿಯಕ್ಕ ವಿಷಯ ತಿಳಿಸಿದ ಕೂಡಲೇ ಫೋನಿನಲ್ಲಿ ಅಪ್ಪಣೆಯಾಯಿತು.

"ಗ್ರಾಹಕರು ಏನ್ಮಾಡಿದ್ರು ಸಾರ್? ಕೇಬಲ್ ಗೋಡೆಗೆ ಬಡೀದೆ ಎದೆಮಟ್ಟಕ್ಕೆ ಎಳೆದು ಹೋದೋರು ನಾವು. ಆ ಎತ್ತರಕ್ಕೆ ಏನೇ ಕಟ್ಟಿದ್ರೂ ಯಾರಾದ್ರೂ ಬಟ್ಟೆ ಹಾಕ್ತಾರೆ. ನೀವಿದ್ರೂ ಹಾಕ್ತಿದ್ರಿ."

"ಸರಿ, ಯಾವುದೋ ಒಂದು ಒತ್ತಿ. ಮುಚ್ಚಿದ್ರೆ ಸಾಕು."

"ಕೇಬಲ್ ಗೋಡೆಗೆ ಹಾಕ್ತೀನಿ. ನಾಳೆ ಬೆಳಿಗ್ಗೆ ಅಜ್ಜಿ ಬಟ್ಟೆ ಒಗೀಲಿ. ಆಗ್ಲೂ ದೀಪ ಹಸಿರಿದ್ರೆ ಮುಚ್ಚೋಣ. ಮುಚ್ಚೋದೂ ನಾನಲ್ಲ, ಅವರು. ನೀವು ಬಂದು ಅವರನ್ನ ಕೇಳಿ."

"ಕೇಳೋಕೆ ಫೋನ್ ಹೋಗುತ್ತಲ್ಲಮ್ಮ?"

"ಹೋಗುತ್ತೆ ಸಾರ್. ನಾಲ್ಕು ಸಲ ಹೋಗಿದೆ. ಅವರಿಗೆ ಕಿವಿ ಕೇಳಲ್ಲ ಅಂತ ನಾಲ್ಕು ಸಲಾನೂ ನಿಮಗೆ ಕೇಳಿಸ್ಲಿಲ್ಲ."

"ನಾಳೆ ಬರ್ತೀನಿ. ಏಣಿ ಎತ್ಕೊಂಡು ಹೋಗೋಕೆ."

"ಬನ್ನಿ. ಲಿಫ್ಟಿಲ್ಲ, ಸುಧಾರಿಸ್ಕೊಂಡು ಹತ್ತಿ."

ಆ ದಿನ ಏಣಿಯಕ್ಕ ಕೇಬಲನ್ನು ಬಿಚ್ಚಿ, ಕೊಳವೆಯೊಳಗೆ ತೂರಿಸಿ, ಮೂಲೆಯಲ್ಲಿ ಅಗಲ ತಿರುವು ಕೊಟ್ಟು ಗೋಡೆಗೆ ಬಡಿದರು. ಖಾಲಿಯಾದ ಕಂಬಗಳ ನಡುವೆ ನೈಲಾನ್ ಹಗ್ಗ ಬಿಗಿದರು. ಹಗ್ಗ ಕಟ್ಟುವುದು ಕಂಪನಿಯ ಯಾವ ಸೇವೆಯಲ್ಲೂ ಇಲ್ಲ. "ಅಜ್ಜಿ ಅಷ್ಟು ದಿನ ಒಳ್ಳೇ ಕಂಪನಿ ಅಂದ್ಕೊಂಡಿದ್ರಲ್ಲ, ಆ ಮಾತು ಯಾಕೆ ಸುಳ್ಳು ಮಾಡ್ಬೇಕು?"

ಮರುದಿನ ನಸುಕಿನಲ್ಲಿ ಗಡಿಯಾರ ಏದುಸಿರು ಬಿಡುತ್ತ ಮೊದಲು ಬಂದದ್ದು ತಾರಸಿಗೆ, ಸಾಕ್ಷಿ ಸಮೇತ ತಪ್ಪು ಹಿಡಿಯುವ ಹುಮ್ಮಸ್ಸಿನಲ್ಲಿ. ಅಜ್ಜಿ ಅವರ ಕೈಗೆ ಜಮಖಾನದ ಒಂದು ತುದಿ ಕೊಟ್ಟರು. "ಸರಿಯಾದ ಹೊತ್ತಿಗೆ ಬಂದ್ಯಪ್ಪ. ಹಿಂಡು. ಹಾಗಲ್ಲ, ಆ ಕಡೆ ತಿರುಗ್ಸು." ಪ್ಯಾಂಟಿನ ಮುಂಭಾಗ ಒದ್ದೆ ಮಾಡಿಕೊಂಡು ಅವರು ಕೋಣೆಗೆ ಇಳಿದಾಗ ಮೇಲೆ ಹಗ್ಗ ತುಂಬ ಬಟ್ಟೆ, ಕೆಳಗೆ ಮೋಡೆಮ್ ಮೇಲೆ ಹಸಿರು ದೀಪ, ಹೊಲಿಗೆ ಯಂತ್ರದ ಮೇಲೆ ಬೇಕರಿಯ ಅಕ್ಕ. ಏಣಿ ಬಾಗಿಲ ಪಕ್ಕದಲ್ಲೇ ಒರಗಿದೆ, ಕೈಗೆಟುಕುವ ಹಾಗೆ.

ಏಣಿಯಕ್ಕ ಗೋಡೆಗೆ ಬೆನ್ನು ಕೊಟ್ಟು ಕೈಕಟ್ಟಿ ನಿಂತಿದ್ದಾರೆ. "ಕೇಳಿ ಸಾರ್."

ಗಡಿಯಾರ ಗಂಟಲು ಸರಿಮಾಡಿಕೊಂಡರು. ಅದರಿಂದ ಪ್ರಯೋಜನವಿಲ್ಲವೆಂದು ಹೊಳೆದು, ಹೆಬ್ಬೆರಳೆತ್ತಿ ಹುಬ್ಬು ಗಂಟಿಕ್ಕಿದರು. ಪ್ರಶ್ನೆಯೆಂದು ತಿಳಿಯಲಿ ಎಂಬಂತೆ. ದರ್ಜಿ ಒಂದು ಬೆರಳೆತ್ತಿ ತಡೆಯಲು ಹೇಳಿ ಪರದೆಯತ್ತ ತಿರುಗಿದರು. ಹಿಂದಿನ ದಿನದಿಂದ ಗಾಳಿಯಲ್ಲಿ ನಿಂತಿದ್ದ ಕತೆಯ ತುದಿಯನ್ನು ಅಕ್ಕ ಈಗ ಮುಗಿಸುತ್ತಿದ್ದರು. ಮೇಲ್ವಿಚಾರಕರು ಒದ್ದೆ ಪ್ಯಾಂಟಿನಲ್ಲಿ ಕಾದರು. ಕತೆ ಮುಗಿಯಿತು, ಅಕ್ಕ ತಮ್ಮ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ದರ್ಜಿ ಏಣಿಯಕ್ಕನ ಫೋನು ಇಸಿದುಕೊಂಡು, ಅಲ್ಲಿದ್ದ ಆಯ್ಕೆಗಳನ್ನು ನಿಧಾನವಾಗಿ ಓದಿ, 'ಕಂಪನಿಯ ಕಡೆಯ ತಪ್ಪು, ಸರಿಪಡಿಸಲಾಗಿದೆ' ಎಂಬುದರ ಮೇಲೆ ಬೆರಳಿಟ್ಟು ಒತ್ತಿದರು.

ಗಡಿಯಾರ ಏಣಿಯನ್ನು ನೋಡಿದರು. ಏಣಿಯಕ್ಕನೂ ಏಣಿಯನ್ನು ನೋಡಿದರು.

"ಎತ್ಕೊಳ್ತೀರಾ ಸಾರ್? ಸ್ವಲ್ಪ ಭಾರ ಇದೆ."

"ಮುಂದಿನ ಮನೆಗೆ ಹೊತ್ತಾಯ್ತು, ಹೊರಡಿ," ಎಂದವರು ಮೆಟ್ಟಿಲಿಳಿದರು. ತಮಗೇ ಹೇಳಿಕೊಂಡರೋ ಇವರಿಗೆ ಹೇಳಿದರೋ ಸ್ಪಷ್ಟವಾಗಲಿಲ್ಲ. ಸ್ಪಷ್ಟಪಡಿಸಿಕೊಳ್ಳುವ ಗೋಜಿಗೆ ಏಣಿಯಕ್ಕ ಹೋಗಲಿಲ್ಲ.

ಗೋದಾಮಿನ ಪರದೆಯಲ್ಲಿ ಅವರ ಭಾಗ ಈಗಲೂ ಆಗಾಗ ಕೆಂಪಾಗುತ್ತದೆ. ಬೈಗುಳವೂ ತಪ್ಪಿಲ್ಲ. ಏನಾಸೆ ಎಂದು ಕೇಳಿದರೆ, "ದೂರು ಮುಚ್ಚೋ ಮುಂಚೆ ಯಾರಾದ್ರೂ ಮನೆಗೆ ಹೋಗಿ ಮುಖ ನೋಡಿ ಕೇಳ್ಲಿ, ಅಷ್ಟೇ. ಹೊಸ ಏಣಿ ಕೊಟ್ರೆ ಬೇಡ ಅನ್ನಲ್ಲ, ಇದರ ಮೂರನೇ ಮೆಟ್ಟಿಲು ಕಿರುಗುಟ್ಟುತ್ತೆ," ಎನ್ನುತ್ತಾರೆ.

ಹೊರಡುವ ಮುನ್ನ ಅವರು ಏನೋ ಒಂದು ತೋರಿಸಬೇಕೆಂದು ಏಣಿ ಕೆಳಗಿಡುತ್ತಾರೆ. ಕೈಮಾತಿನವರು ತಮಗೆ ಬೇಕಾದವರಿಗೆ ಒಂದೊಂದು ಸನ್ನೆಯ ಹೆಸರು ಇಡುತ್ತಾರಂತೆ. ಅಕ್ಕ ತಮ್ಮ ಸೇರಿ ಇವರಿಗೂ ಇಟ್ಟಿದ್ದಾರೆ. ಬಲಗೈಯ ಎರಡು ಬೆರಳುಗಳು ಎಡ ಮುಂಗೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಮೇಲೆ ತಲುಪಿ ಕಾಲೂರಿ ನಿಲ್ಲುತ್ತವೆ.

"ಇಳಿಯೋದಿಲ್ವಾ ಅಂತ ಬರೆದು ಕೇಳ್ದೆ ಅವರನ್ನ," ಎನ್ನುತ್ತಾರೆ ಏಣಿಯಕ್ಕ, ಬೆರಳುಗಳನ್ನು ಹಾಗೇ ನಿಲ್ಲಿಸಿಕೊಂಡು. "ಇಳಿದ್ರೆ ಅದು ಬೇರೆಯವರ ಹೆಸರಂತೆ."