ಫರ್ಶಿಯ ಕೆಳಗಿನ ಮಾಸು

ಪಂಕಜಾ ಅವರ ಕೆಲಸಕ್ಕೆ ಬೇಕಾದದ್ದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಹೆರಿಗೆಯಾದ ಮೇಲೆ ಬೀಳುವ ಮಾಸು ಮತ್ತು ಅದಕ್ಕೆ ಅಂಟಿದ ಹೊಕ್ಕುಳಬಳ್ಳಿ. ಮುಂಬಯಿಯ ಪರೇಲಿನ ಒಂದು ಸಂಶೋಧನಾಲಯದಲ್ಲಿ ಅವರು ಆ ಬಳ್ಳಿಯೊಳಗೆ ಉಳಿದ ರಕ್ತದಿಂದ ಮೂಲಕೋಶಗಳನ್ನು ಬೇರ್ಪಡಿಸಿ ಬೆಳೆಸುತ್ತಿದ್ದರು. ಕೆಂಪು ಕಣ, ಬಿಳಿ ಕಣ ಎಲ್ಲವೂ ಹುಟ್ಟುವುದು ಈ ಮೂಲಕೋಶಗಳಿಂದ. ದೊಡ್ಡವರಲ್ಲಿ ಇವನ್ನು ತೆಗೆಯಲು ಮೂಳೆಗೆ ಸೂಜಿ ಚುಚ್ಚಬೇಕು. ಬಳ್ಳಿಯದಾದರೆ ಯಾರಿಗೂ ನೋವಿಲ್ಲ. ಹೇಗೂ ಬಿಸಾಡುವಂಥದ್ದು ಎಂದೇ ಪಂಕಜಾ ತಿಳಿದಿದ್ದರು. ಇದು ೧೯೮೯ರ ಮಾತು.

ಮೈಸೂರಿನ ಕಡೆಯವರಾದ ಅವರು ಮದುವೆಯಾಗಿ ಮುಂಬಯಿಗೆ ಬಂದು ದಹಿಸರ್‌ನಲ್ಲಿ ನೆಲೆಸಿದ್ದರು. ಬೆಳಗಿನ ಲೋಕಲ್‌ನಲ್ಲಿ ದಾದರ್‌ಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಹೆರಿಗೆ ಆಸ್ಪತ್ರೆಗೆ ಹೋಗುವರು. ಕೈಯಲ್ಲಿ ಐಸ್ ತುಂಬಿದ ಥರ್ಮೋಕೋಲ್ ಡಬ್ಬ. ಆಯಾ ಇಂದ್ರಾಬಾಯಿ ಮಾಸನ್ನು ಎನಾಮಲ್ ಬೋಗುಣಿಯಲ್ಲಿ ಎತ್ತಿಟ್ಟಿರುತ್ತಿದ್ದಳು.

"ಘ್ಯಾ ಮ್ಯಾಡಮ್, ತುಮ್ಚಾ ಭಾಜೀಪಾಲಾ," ಎಂದು ನಗುತ್ತಾ ಮುಂದೆ ತಳ್ಳುವಳು. ತಗೊಳ್ಳಿ ನಿಮ್ಮ ಸೊಪ್ಪುತರಕಾರಿ ಎಂದು. ಪಂಕಜಾ ಕೂಡ ನಗುವರು. ಯಾವ ತಾಯಿಯದು ಎಂದು ಕೇಳುವ ವಾಡಿಕೆ ಇರಲಿಲ್ಲ. ಸೀಸೆಯ ಮೇಲೆ ತಾರೀಖು ಬರೆದರೆ ಆಯಿತು.

ಒಂದು ಬೆಳಿಗ್ಗೆ ಡಬ್ಬ ಮುಚ್ಚಿ ಹೊರಡುವಾಗ ವಾರ್ಡಿನ ಬಾಗಿಲಲ್ಲಿ ಇಳಕಲ್ ಸೀರೆಯ ಹೆಂಗಸೊಬ್ಬಳು ಅಡ್ಡ ನಿಂತಳು. ಹೆಸರು ಹಾಲವ್ವ. ಗುಲ್ಬರ್ಗಾ ಕಡೆಯಿಂದ ಬಂದು ಧಾರಾವಿಯಲ್ಲಿದ್ದವಳು, ಕಟ್ಟಡದ ಕೆಲಸಕ್ಕೆ ಹೋಗುವವಳು.

"ನೀವು ಕನ್ನಡದವರಂತಲ್ರಿ ಬಾಯಾರ? ಛಲೋ ಆತು. ನಿನ್ನಿ ನಸುಕಿನಾಗ ನಮ್ಮ ಸೊಸಿ ಮಲ್ಲಕ್ಕ ಹಡದಾಳ. ಮಾಸು ಕೊಡ್ರಿ, ಮಣ್ಣಿಗೆ ಹಾಕಬೇಕು. ನೀವು ಒಯ್ದೀರಿ ಅಂತ ಈ ಆಯಾ ಹೇಳ್ತಾಳ."

ಪಂಕಜಾ ಡಬ್ಬವನ್ನು ಇನ್ನೊಂದು ಕೈಗೆ ಬದಲಿಸಿದರು.

"ಮೊದಲಿನ ಎರಡು ಕೂಸು ಊರಾಗ ಹುಟ್ಟಿ ಉಳೀಲಿಲ್ರಿ. ಎರಡನೇದರ ಮಾಸು ನಾಯಿ ಎಳಕೊಂಡು ಹೋತು. ಇದನ್ನರೆ ನನ್ನ ಕೈಯ್ಯಾರೆ ಹೂಳ್ತೀನಿ. ಇಲ್ಲಂದ್ರ ಆಕಿಗೆ ಹಾಲು ಇಳಿಯೂದಿಲ್ಲ. ಅತಗೋತ ಕುಂತಾಳ."

ಹಿಂದಿನ ದಿನ ಡಬ್ಬದಲ್ಲಿ ಹೋದದ್ದು ಅದೊಂದೇ ಮಾಸು. ಅದರ ರಕ್ತ ಬಸಿದಾಗಿತ್ತು. ಬಳ್ಳಿಯನ್ನು ಸಣ್ಣಗೆ ಹೆಚ್ಚಿ ಸೀಸೆಯಲ್ಲಿ ಬೆಳೆಯಲು ಇಟ್ಟಾಗಿತ್ತು. ಉಳಿದದ್ದು ಸಂಜೆಯೇ ಕಸ ಸುಡುವ ಕುಲುಮೆಗೆ ಹೋಗಿತ್ತು. ಇದನ್ನು ಹೇಳಿದರೆ ಮುದುಕಿ ಗಲಾಟೆ ಮಾಡುತ್ತಾಳೆ, ನಾಳೆಯಿಂದ ಆಸ್ಪತ್ರೆಯವರು ಮಾಸು ಕೊಡುವುದನ್ನೇ ನಿಲ್ಲಿಸುತ್ತಾರೆ. ಪಂಕಜಾರಿಗೆ ಮೊದಲು ಹೊಳೆದದ್ದು ಇದು. ಬಾಣಂತಿಯ ಸಮಾಧಾನ ಆಮೇಲೆ ಹೊಳೆಯಿತು. ಡಬ್ಬದಲ್ಲಿ ಆ ಬೆಳಗಿನ ಇನ್ನೊಂದು ಮಾಸು ಇತ್ತು. ಪಾಲಿಥೀನ್ ಚೀಲಕ್ಕೆ ಹಾಕಿ ಕೊಟ್ಟರು.

"ಇದ ಹೌದಲ್ರಿ?"

"ಹೌದಮ್ಮ, ಇದೇ."

ಹಾಲವ್ವ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಪಂಕಜಾರ ಮುಖ ನೇವರಿಸಿ ನೆಟಿಕೆ ಮುರಿದಳು.

ಮಲ್ಲಕ್ಕನ ಬಳ್ಳಿಯ ತುಣುಕುಗಳಿಂದ ಕೋಶಗಳು ಹೊರಬಂದು ಸೀಸೆಯ ತಳವನ್ನೆಲ್ಲ ಹಬ್ಬಿದವು. ಆ ಹಾಸಿನ ಮೇಲೆ ಬಿಟ್ಟ ರಕ್ತದ ಮೂಲಕೋಶಗಳೂ ಗುಂಪು ಕಟ್ಟಿದವು. ಹಿರಿಯ ಸಂಶೋಧಕ ತಿರುಮಲೇಶ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲೊಲ್ಲರು.

"ಯಾವ ಪುಣ್ಯಾತ್ಗಿತ್ತೀದ್ರೀ ಇದು? ಗರಿಕೆ ಹಬ್ಬಿದ ಹಾಗೆ ಹಬ್ತಿದೆಯಲ್ಲ!"

"ಗೊತ್ತಿಲ್ಲ ಸಾರ್," ಎಂದರು ಪಂಕಜಾ. ಅದು ಎರಡನೆಯ ಸುಳ್ಳು. ಮೊದಲನೆಯದಕ್ಕೆ ದಯೆಯ ಕಾರಣವನ್ನಾದರೂ ಕೊಟ್ಟುಕೊಳ್ಳಬಹುದಿತ್ತು. ಆ ಸೀಸೆಗೆ ಪೋಷಕ ದ್ರವ ಹಾಕುವುದನ್ನು ಅವರು ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ಊಟದ ಡಬ್ಬಿ ಅರ್ಧಕ್ಕೇ ಮುಚ್ಚುತ್ತಿದ್ದರು.

ಕೆಲವು ದಿನಗಳ ಮೇಲೆ ಹಾಲವ್ವ ಮತ್ತೆ ಆಸ್ಪತ್ರೆಯ ಗೇಟಿನಲ್ಲಿ ಕಾದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವುದಿದೆ, ಬರಲೇಬೇಕು ಎಂದಳು. ಪಂಕಜಾ ನೆಪ ಹುಡುಕಿದರು. ಹಾಲವ್ವ ಕೇಳಲಿಲ್ಲ.

ಧಾರಾವಿಯ ಆ ಮನೆ ಒಂದೇ ಕೋಣೆ. ಮೂಲೆಯಲ್ಲಿ ಬಚ್ಚಲು. ಪಂಕಜಾರನ್ನು ಒಳಗೆ ಕೂರಿಸಿ ಹಾಲವ್ವ ಅಲ್ಲಿನ ಶಹಾಬಾದಿ ಕಲ್ಲಿನ ಫರ್ಶಿಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಹಾಕತೊಡಗಿದಳು. ಕೂಸು ಕೂಗಿ ಕೂಗಿ ಕೆಂಪಾಗಿತ್ತು.

"ಇದರ ಕೆಳಗ ಅದ ನೋಡ್ರಿ ನೀವು ಕೊಟ್ಟದ್ದು. ಮಗ ಫರ್ಶಿ ಕಿತ್ತು ಹೂಳ್ಯಾನ. ದಿನಾ ಕೂಸಿನ ನೀರು ಅದರ ಮ್ಯಾಲೇ ಬೀಳ್ತದ."

ಮಲ್ಲಕ್ಕ ಗೋಡೆಗೊರಗಿ ಕೂತಿದ್ದಳು. "ಹೂಳಿದ ಮರುದಿನಾನೇ ಹಾಲು ಇಳದಾವ್ರಿ ಅಕ್ಕಾರ. ಕುಡದು ಕುಡದು ಕಕ್ಕತಾನ ಕಳ್ಳ," ಎಂದು ನಕ್ಕಳು.

ಪಂಕಜಾ ಕೂಸಿಗೆ ತಂದಿದ್ದ ಜಬಲಾ ಅಂಗಿ ಕೊಟ್ಟರು. ಹಂಚಿದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರು. ಬೀಳ್ಕೊಡಲು ಹಾಲವ್ವ ಓಣಿಯ ನಲ್ಲಿಯ ತನಕ ಬಂದಳು. ಅಲ್ಲಿ ಪಂಕಜಾ ಹೇಳಿಬಿಟ್ಟರು.

"ಅಮ್ಮ, ನಾನು ಕೊಟ್ಟದ್ದು ನಿಮ್ಮದಲ್ಲ."

ಹಾಲವ್ವ ಅರ್ಥವಾಗದೆ ನೋಡಿದಳು. ಪಂಕಜಾ ಎಲ್ಲವನ್ನೂ ಹೇಳಿದರು, ಕುಲುಮೆಯದನ್ನೂ.

"ಹಂಗಾರ ನಮ್ಮ ಬಚ್ಚಲದಾಗ ಇರೋದು ಯಾರದು?"

"ಗೊತ್ತಿಲ್ಲ. ಆ ತಾಯಿ ಕೇಳಿರಲಿಲ್ಲ."

"ಕೇಳ್ಲಿಕ್ಕೆ ಆಕಿಗೆ ನೀವು ಹೇಳಿದ್ರೇನು?"

ಇಲ್ಲವೆಂದು ಪಂಕಜಾ ತಲೆಯಾಡಿಸಿದರು. ಆಮೇಲೆ, "ನಿಮ್ಮದು ಒಂದಿಷ್ಟು ಸೀಸೆಯಲ್ಲಿದೆ. ತಂದುಕೊಡ್ತೀನಿ, ಹೂಳಿ," ಎಂದರು.

"ಸೀಸೆದಾಗ ಏನ್ ಮಾಡ್ತದ?"

"ಬೆಳೀತಿದೆ."

"ಅಂದ್ರ ಜೀವಂತ ಅದ?"

"ಹೌದು."

"ಜೀವ ಇದ್ದದ್ದನ್ನ ಹೂಳೂದು ಹ್ಯಾಂಗ? ಏನ್ ಮಾತಾಡ್ತೀರಿ ನೀವು!" ಹಾಲವ್ವನ ದನಿ ಏರಿತು. ನಲ್ಲಿಯ ಬಳಿಯವರು ತಿರುಗಿ ನೋಡಿದರು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ದನಿ ತಗ್ಗಿಸಿದಳು. "ಮಲ್ಲಕ್ಕಗ ಹೇಳಬ್ಯಾಡ್ರಿ. ಆಕಿ ಹಾಲು ಬತ್ತತಾವ. ಮಗನಿಗೂ ಬ್ಯಾಡ. ನಾನೇ ಇಟಗೋತೀನಿ ಹೊಟ್ಟ್ಯಾಗ. ನೀವು ಇನ್ನ ಬರಬ್ಯಾಡ್ರಿ."

ಬರುವಾಗ ಹಾಲವ್ವ ಅಕ್ಕರೆಯಿಂದ ಕೈ ಹಿಡಿದು ದಾಟಿಸಿದ್ದ ಗಟಾರವನ್ನು ಈಗ ಪಂಕಜಾ ಒಬ್ಬರೇ ದಾಟಿದರು. ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದರು. ಆದದ್ದು ಇಷ್ಟೇ: ಯಾರದೆಂದು ತಿಳಿಯದ ಮಾಸಿನ ಮೇಲೆ ಕೂತು, ಸೊಸೆಯ ಮುಂದೆ ನಗುತ್ತಾ, ದಿನವೂ ಮೊಮ್ಮಗನಿಗೆ ನೀರು ಹಾಕುವ ಕೆಲಸ ಹಾಲವ್ವನ ಪಾಲಿಗೆ ಬಂತು.

ಸೋಮವಾರ ಇಂದ್ರಾಬಾಯಿ ಬೋಗುಣಿ ಮುಂದಿಟ್ಟಾಗ ಪಂಕಜಾ ಡಬ್ಬ ತೆರೆಯಲಿಲ್ಲ. ಯಾರದು ಎಂದು ಕೇಳಿದರು.

"ವೇಡ್ ಲಾಗಲಂ ಕಾ?" ಹುಚ್ಚು ಹಿಡಿಯಿತಾ ಎಂದಳು ಇಂದ್ರಾಬಾಯಿ. ಆದರೂ ಮಂಚ ತೋರಿಸಿದಳು.

ಅಲ್ಲಿ ಮಲಗಿದ್ದ ಹುಡುಗಿಯ ಪಕ್ಕ ಕೂತು ಪಂಕಜಾ ತಮ್ಮ ಅರೆಬರೆ ಮರಾಠಿಯಲ್ಲಿ ಮಾಸನ್ನು ಏಕೆ ಒಯ್ಯುತ್ತೇವೆ, ಏನು ಮಾಡುತ್ತೇವೆ, ಉಳಿದದ್ದು ಎಲ್ಲಿ ಹೋಗುತ್ತದೆ ಎಂದು ವಿವರಿಸಿದರು. ಹುಡುಗಿ ಪೂರ್ತಿ ಕೇಳಿಸಿಕೊಂಡು, ಬೇಡ, ಅಮ್ಮ ಬಂದು ಒಯ್ಯುತ್ತಾಳೆ ಎಂದಳು.

ಡಬ್ಬದಲ್ಲಿ ಬರಿ ಐಸ್ ಇದ್ದುದನ್ನು ಕಂಡು ತಿರುಮಲೇಶ ಕೇಳಿದರು, "ಯಾಕ್ರೀ, ಇವತ್ತು ಹೆರಿಗೆ ಆಗಲಿಲ್ವೇ?"

"ಆಗಿತ್ತು ಸಾರ್. ಕೊಡಲ್ಲ ಅಂದಳು."

"ಅಂದಳು ಅಂದ್ರೆ? ನೀವ್ಯಾಕೆ ಕೇಳೋಕೆ ಹೋದ್ರಿ?"