ಸಮುದ್ರಕ್ಕೆ ತುಂಬಿದ ಉಡಿ

ಟಕ್... ಟಕ್... ಟಕ್... ಹಾಯಿಯ ಹಗ್ಗ ಕಂಬಕ್ಕೆ ಬಡಿಯುತ್ತಿದ್ದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನೀವು ನಂಬಿ, ಬಿಡಿ. ನಾನು ಕಾನ್ವೆಂಟ್‌ನಲ್ಲಿ ಓದಿದವಳು. ಯಾರಾದರೂ ದೆವ್ವದ ಮಾತೆತ್ತಿದರೆ ‘ನಾನ್‌ಸೆನ್ಸ್’ ಎಂದು ಎದ್ದು ಹೋಗುತ್ತಿದ್ದವಳು. ಆದರೆ ಅಂಡಮಾನಿನಲ್ಲಿ ಆ ರಾತ್ರಿ ನಡೆದದ್ದನ್ನು ನನ್ನ ಈ ಕೈಗಳೇ ಮುಟ್ಟಿ ನೋಡಿವೆ.

ನಾವು ಮೂವರು ಗೆಳತಿಯರು. ಸಿಂಧನೂರಿನ ನಾನು, ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಾದೇವಿ, ಮುಕ್ಕುಂದದ ನೀಲಕ್ಕ. ಹೊಳೆ, ಕಾಲುವೆ ಬಿಟ್ಟರೆ ಬೇರೆ ನೀರು ಕಾಣದ ನೀಲಕ್ಕನಿಗೆ ಒಮ್ಮೆ ಸಮುದ್ರ ನೋಡುವ ಆಸೆ. ತೆಲುಗಿನವನೊಬ್ಬ ನಡೆಸುವ ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ನಿಧಾನವಾಗಿ ತೇಲುತ್ತಾ, ಎಳನೀರು ಕುಡಿಯುತ್ತಾ, ಹಾಡುತ್ತಾ... ಹೌ ಲವ್ಲಿ ಇಟ್ ವಾಸ್!

ಅಂದು ಸಂಜೆ ಜನರಿಲ್ಲದ ಒಂದು ದ್ವೀಪದ ಮರೆಯಲ್ಲಿ ಲಂಗರು ಹಾಕಿದೆವು. ನೀಲಕ್ಕ ಚೀಲದಿಂದ ಅಕ್ಕಿ, ಖಣ, ಹಸಿರು ಬಳೆ, ಅರಿಶಿನ, ಕುಂಕುಮ ತೆಗೆದಳು. ನಮ್ಮ ಕಡೆ ಹೊಳೆಗೆ ತುಂಬುವ ಹಾಗೆ ಸಮುದ್ರಕ್ಕೂ ಉಡಿ ತುಂಬಬೇಕಂತೆ. ಗಂಡ ತೀರಿಕೊಂಡ ಮೇಲೆ ಊರಿನಲ್ಲಿ ಯಾರೂ ಅವಳ ಉಡಿ ತುಂಬಿರಲಿಲ್ಲ, ತುಂಬಲು ಕರೆದಿರಲೂ ಇಲ್ಲ. ರೂಢಿ ತಪ್ಪಿತ್ತೇನೋ... ಎಲ್ಲವನ್ನೂ ನೀರಿಗೆ ಸುರಿದುಬಿಟ್ಟಳು. ತುಂಬಿದ ಉಡಿಯಿಂದ ಒಂದು ಚಿಟಿಕೆ ಅಕ್ಕಿ ಮರಳಿ ಪಡೆಯುವುದು ಪದ್ಧತಿ. ಅದನ್ನು ಮರೆತಳು.

“ಏ ನೀಲಕ್ಕ, ತಿರುಗಿ ಅಕ್ಕಿ ಇಸ್ಕೊಳ್ಳಲೇ ಇಲ್ಲಲ್ಲ ಬೇ!” ಮಾದೇವಿ ನಕ್ಕಳು. “ಈಗ ಕೊಡಾಕ ಸಮುದ್ರದಾಕಿನೇ ಎದ್ದು ಬರಬೇಕು ನೋಡು.”

“ಬರಲಿ ಬಿಡು. ಊರಾಗ ಯಾರೂ ಬರಲಿಲ್ಲ, ಆಕಿಯಾದ್ರೂ ಬರಲಿ.”

ನಾವಿಬ್ಬರೂ ನಕ್ಕೆವು. ನೀಲಕ್ಕ ನಗಲಿಲ್ಲ.

ರಾತ್ರಿ ಯಾಕೋ ಎಚ್ಚರವಾಯಿತು. ಕ್ಯಾಬಿನ್ ತುಂಬಾ ಏನೋ ವಾಸನೆ... ಉಪ್ಪುನೀರಿನದಲ್ಲ, ಹಸಿ ಅರಿಶಿನದ್ದು. ಮೇಲೆ ಡೆಕ್‌ನಲ್ಲಿ ಬಳೆಗಳ ಸದ್ದು. ಮಾದೇವಿ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಳು. ನೀಲಕ್ಕನ ಹಾಸಿಗೆ ಖಾಲಿ. ಆದರೆ ನೀಲಕ್ಕ ಬಳೆ ತೊಡುವುದನ್ನೇ ಬಿಟ್ಟಿದ್ದಳಲ್ಲ...

ಮೆಟ್ಟಿಲು ಹತ್ತಿದೆ. ಬೆಳದಿಂಗಳಲ್ಲಿ ಅವಳು ದೋಣಿಯ ಅಂಚಿಗೆ ಕಾಲು ಇಳಿಬಿಟ್ಟು, ಎರಡೂ ಕೈಯಿಂದ ಸೆರಗು ಒಡ್ಡಿ ಕುಳಿತಿದ್ದಳು. ಎದುರಿಗೆ ನೀರು. ಬರೀ ನೀರು. ಆದರೂ ಸೆರಗಿನೊಳಗೆ ಏನೋ ಸರಸರ ಬೀಳುತ್ತಿತ್ತು. ಸೆರಗು ಕೆಳಕ್ಕೆ ಜಗ್ಗುತ್ತಿತ್ತು.

“ಸಾಕವ್ವಾ... ಸಾಕು, ಹರದೀತು...” ಪಿಸುಗುಟ್ಟುತ್ತಿದ್ದಳು.

ಆಮೇಲೆ ಕುಂಕುಮ ಹಚ್ಚಿಸಿಕೊಳ್ಳುವವರ ಹಾಗೆ ಹಣೆ ಮುಂದೆ ಚಾಚಿದಳು. ಚಾಚುತ್ತಾ ಚಾಚುತ್ತಾ ಅರ್ಧ ದೇಹ ಅಂಚಿನಾಚೆ...

ಓಡಿಹೋಗಿ ನಡು ಹಿಡಿದೆ. ಓ ಮೈ ಗಾಡ್! ಕಡ್ಡಿಯಂಥ ಹೆಂಗಸು ಭತ್ತದ ಚೀಲದಷ್ಟು ಭಾರವಾಗಿದ್ದಳು.

“ಬಿಡು ಸರೋಜಿ. ಆಕಿ ಕರ್ಯಾಕತ್ತಾಳ.”

“ಬ್ಯಾಡ ನೀಲಕ್ಕ! ಊರಿಗೆ ಹೋದಕೂಡ್ಲೆ ನಾ ತುಂಬತೀನಿ ನಿನ್ನ ಉಡಿ.”

ನಿಧಾನವಾಗಿ ತಿರುಗಿ ನೋಡಿದಳು. “ಮಂದಿ ಏನಂತಾರ?”

“ಏನರ ಅನ್ನಲಿ. ನಿನ್ನ ಆಣಿ.”

ಭಾರ ಇಳಿಯಿತು. ನನ್ನ ಮೇಲೆಯೇ ಕುಸಿದಳು. ಸೆರಗಿನಲ್ಲಿದ್ದುದು ಒದ್ದೆ ಅಕ್ಕಿ. ಅವಳು ಸುರಿದದ್ದು ನಮ್ಮ ಬಿಳಿ ಸೋನಾ ಮಸೂರಿ. ಇದು ಕೆಂಪಗಿತ್ತು... ನಾನೆಂದೂ ಕಾಣದ ಕಾಳು. ದೋಣಿಯ ತೆಲುಗಿನವನಿಗೆ ಬೆಳಿಗ್ಗೆ ತೋರಿಸಿದೆವು. ಅವನು ತಕ್ಷಣ ಲಂಗರು ಎತ್ತಿದ, ಅಷ್ಟೇ.

ಊರಿಗೆ ಬಂದು ಮಾತು ಉಳಿಸಿಕೊಂಡೆ. ನೀಲಕ್ಕನನ್ನು ಮನೆಗೆ ಕರೆಸಿ, ಬಳೆ ಇಡಿಸಿ, ಕುಂಕುಮ ಹಚ್ಚಿ, ಉಡಿ ತುಂಬಿದೆ. ಅತ್ತಳು. ಎಲ್ಲ ಮುಗಿಯಿತೆಂದುಕೊಂಡೆ.

ಆದರೆ ಅಂದು ಅವಳು ಮುಕ್ಕುಂದ ತಲುಪಲಿಲ್ಲ. ದಾರಿಯಲ್ಲಿ ಕಾಲುವೆ ಸೇತುವೆಯ ಹತ್ತಿರ ಇಳಿದುಕೊಂಡಳೆಂದು ಆಟೊದವನು ಹೇಳಿದ. ಮನೆಯವರು ಇನ್ನೂ ಹುಡುಕುತ್ತಿದ್ದಾರೆ. ನಾನು ತುಂಬಿದ್ದು ತಡವಾಯಿತೋ ಏನೋ... ಐ ಡೋಂಟ್ ನೋ.

ಕೊನೆಯ ಸಲ ಅವಳನ್ನು ನೋಡಿದ್ದು ನಮ್ಮ ಓಣಿಯ ತುದಿಯಲ್ಲಿ, ಮಟಮಟ ಮಧ್ಯಾಹ್ನ. ಆಟೊದ ಹಿಂದಿನ ಸೀಟಿನಲ್ಲಿ ಅವಳೊಬ್ಬಳೇ ಕುಳಿತಿದ್ದಳು. ಹೊರಡುವ ಮುನ್ನ ಪಕ್ಕಕ್ಕೆ ನೋಡಿ ಮೆಲ್ಲಗೆ ನಕ್ಕು, ಮಡಿಲ ಸೆರಗು ಸರಿಪಡಿಸಿಕೊಂಡು, ಯಾರಿಗೋ ಸರಿದು ಜಾಗ ಕೊಟ್ಟಳು.