ಹೊರಗಿನ ಚಿಲಕ

ಹಿತ್ತಾಳೆಯನ್ನು ಹುಣಸೆಹುಳಿ ಹಾಕಿ ಉಜ್ಜಿದ ವಾಸನೆ ನಿಮಗೆ ಹಬ್ಬವನ್ನು ನೆನಪಿಸಬಹುದು. ಮೊನ್ನೆ ಅದು ಮೂಗಿಗೆ ಬಡಿದೊಡನೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕುಂದಾಪುರದ ನಮ್ಮ ಹಳೇ ಟಾಕೀಸು ದುರಸ್ತಿಯಾಗಿ ರಂಗಮಂದಿರವಾಗಿದೆ. ಯಕ್ಷಗಾನ, ನಾಟಕ, ನೃತ್ಯ ಎಲ್ಲ ಈಗ ಅಲ್ಲೇ. ಹಳೆಯದನ್ನೆಲ್ಲ ಹಾಗೇ ಉಳಿಸಿದ್ದಾರೆ. ಹೆಂಗಸರ ಕಡೆಯ ಬಾಗಿಲಿನ ಹೊರಚಿಲಕವನ್ನೂ ಫಳಫಳ ಉಜ್ಜಿದ್ದಾರೆ.

ಆ ಚಿಲಕ ಹಾಕುತ್ತಿದ್ದವನು ನಾನು. ಕೆಲಸ ಗೇಟ್‌ಕೀಪರಿನದು, ಗತ್ತು ಮಾತ್ರ ಜಿಲ್ಲಾಧಿಕಾರಿಯದು! ಟಿಕೆಟ್ ಇಲ್ಲದವರು ನುಸುಳಬಾರದೆಂದು, ಸಿನೆಮಾ ಶುರುವಾದೊಡನೆ ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಉಪ್ಪುಂದದ ಗಿರಿಜಕ್ಕ ಮತ್ತು ಅವಳ ತಂಗಿ ಪಾರ್ವತಿ ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಗಳನ್ನು ಜಗುಲಿಯಲ್ಲಿ ಕವುಚಿಟ್ಟು ಮ್ಯಾಟಿನಿಗೆ ಬರುತ್ತಿದ್ದರು. "ಹ್ವಾಯ್, ಬುಟ್ಟಿ ಕಾಣ್ತಾ ಇರ್ ಮಾರಾಯ" ಎಂದು ಪಾರ್ವತಿ ಕೂಗುತ್ತಿದ್ದಳು. ಬುಟ್ಟಿಗಳನ್ನು ಚೆನ್ನಾಗಿಯೇ ಕಾದೆ.

ಒಂದು ಮಧ್ಯಾಹ್ನ ಮೇಲಿನ ಕ್ಯಾಬಿನ್ನಿನಲ್ಲಿ ರೀಲಿಗೆ ಬೆಂಕಿ ಹತ್ತಿತು. ಮೊದಲು ಓಡಿದವನು ನಾನೇ. ರಸ್ತೆಯಾಚೆ ನಿಂತು ಉಸಿರು ಬಿಟ್ಟ ಮೇಲೆ ಚಿಲಕ ನೆನಪಾಯಿತು. ಹೊಗೆಯಲ್ಲಿ ತಡಕಾಡಿ ತೆಗೆದಾಗ ಪಾರ್ವತಿ ನನ್ನ ಮೇಲೇ ಬಿದ್ದಳು. ಜೀವವಿರಲಿಲ್ಲ.

"ಬಾಗ್ಲ್ ಎಂತಕ್ ತೆರಿಲಿಲ್ಲ?" ಅವಳ ಹಿಂದೆಯೇ ಕೆಮ್ಮುತ್ತ ಹೊರಬಂದ ಗಿರಿಜಕ್ಕ ನನ್ನ ಅಂಗಿ ಹಿಡಿದು ಕೇಳಿದಳು.

"ಉಬ್ಬಿ ಕಚ್ಕಂಡಿತ್ತ್ ಅಕ್ಕ" ಎಂದೆ.

ನಮ್ಮ ಕರಾವಳಿಯಲ್ಲಿ ಮಳೆನೀರು ಕುಡಿದು ಬಾಗಿಲು ಉಬ್ಬದ ಮನೆ ಯಾವುದು ಹೇಳಿ? ಎಲ್ಲರೂ ತಲೆಯಾಡಿಸಿದರು. ನಾಚಿಕೆಗೆಟ್ಟವನು ನಾನು, ಪಾರ್ವತಿಯ ಉತ್ತರಕ್ರಿಯೆಗೆ, ಆ ಬೊಜ್ಜದ ಊಟಕ್ಕೂ ಹೋಗಿ ಎರಡು ಸಲ ಬಡಿಸಿಕೊಂಡು ಉಂಡೆ.

ಮೊನ್ನೆ ಗಿರಿಜಕ್ಕ ಮೊಮ್ಮಗಳ ನೃತ್ಯ ನೋಡಲು ಬಂದಿದ್ದಳು. ಬೆನ್ನು ಬಾಗಿದೆ, ಕಣ್ಣು ಇನ್ನೂ ಚುರುಕು. ಆ ಬಾಗಿಲ ಬಳಿ ನಿಂತು ಚಿಲಕವನ್ನು ಮುಟ್ಟಿ ನೋಡಿದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಅವತ್ತ್ ಬಾಗ್ಲ್ ಉಬ್ಬಿರ್ಲಿಲ್ಲ. ಚಿಲ್ಕ ಹಾಕದ್ದ್ ನಾನ್."

"ಗೊತ್ತಿತ್ತ್" ಎಂದಳು. "ಆ ದಿನ ಅಂಗ್ಳದಲ್ಲ್ ಮೀನ್ ಒಣಗುಕ್ ಹಾಕಿ ಬಂದಿದ್ದೆ. ಸುಡು ಬಿಸ್ಲ್. ಆ ಬಿಸ್ಲಿಗ್ ಎಂತ ಬಾಗ್ಲ್ ಉಬ್ಬುದ್ ಮಾರಾಯ?"

"ಮತ್ತೆ ಎಂತಕ್ ಸುಮ್ನಿದ್ದೆ ಅಕ್ಕ?"

"ನೀನೇ ಹೇಳ್ತ್ಯ ಅಂದೇಳಿ ಕಾದೆ. ಊಟಕ್ ಬಂದಾಗ್ಳೂ ಕಾದೆ."

ಒಳಗೆ ಗೆಜ್ಜೆಯ ಸದ್ದು ಶುರುವಾಯಿತು. ಅವಳು ಹೋಗಿ ಕುಳಿತಳು. ನಾನು ಆ ಬಾಗಿಲನ್ನು ತೆರೆದು ಹಿಡಿದುಕೊಂಡು, ನೃತ್ಯ ಮುಗಿಯುವವರೆಗೂ ಹೊರಗೇ ನಿಂತಿದ್ದೆ. ಮುಗಿದ ಮೇಲೆ ಗಿರಿಜಕ್ಕ ಎದ್ದು, ಒಮ್ಮೆ ಇತ್ತ ನೋಡಿ, ಎದುರಿನ ಬಾಗಿಲಿಂದ ಹೊರಟುಹೋದಳು.